ಸೀನಿಯರ್ ಫೋಟೊಗೆ ಸಿದ್ಧತೆ: ಶಾಲೆಯ ಪತ್ರದಿಂದ ಸೀರೆಯ ನಿರಿಗೆವರೆಗೆ

ಅಮೆರಿಕದಲ್ಲಿ ಹೈಸ್ಕೂಲು ಮುಗಿಯುವುದು ಹನ್ನೆರಡನೇ ತರಗತಿಗೆ. ಆ ಕೊನೆಯ ವರ್ಷದ ಮಕ್ಕಳನ್ನು ಸೀನಿಯರ್ ಎನ್ನುತ್ತಾರೆ. ವರ್ಷ ಶುರುವಾಗುವ ಮೊದಲೇ, ಬೇಸಿಗೆ ರಜೆಯಲ್ಲೇ, ಅವರ ‘ಸೀನಿಯರ್ ಪೋರ್ಟ್ರೇಟ್’ ಗಡಿಬಿಡಿ ಆರಂಭವಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಮೇಷ್ಟರ ಹಿಂದೆ ಬೆಂಚು ಹತ್ತಿ ನಿಂತು ಒಂದೇ ಒಂದು ಗ್ರೂಪ್ ಫೋಟೊ ತೆಗೆಸಿಕೊಂಡು ಬಂದ ನಮ್ಮ ಪೀಳಿಗೆಯ ಅಪ್ಪ ಅಮ್ಮಂದಿರಿಗೆ ಇದೆಲ್ಲ ಹೊಸದು. ಒಬ್ಬೊಬ್ಬರಿಗೂ ಪ್ರತ್ಯೇಕ ಫೋಟೊ, ಅದಕ್ಕೆ ಅಪಾಯಿಂಟ್‌ಮೆಂಟ್, ಶುಲ್ಕ, ಉಡುಪಿನ ನಿಯಮ! ಮನೆಯ ಮೊದಲ ಮಗು ಈ ವರ್ಷ ಸೀನಿಯರ್ ಆಗುತ್ತಿದ್ದರೆ ಈ ಬರಹ ನಿಮಗಾಗಿ.

ಪದ್ಧತಿ ಹಳೆಯದು. 19ನೇ ಶತಮಾನದ ಮಧ್ಯದಲ್ಲಿ ಮ್ಯಾಸಚೂಸೆಟ್ಸ್‌ನ ಜಾರ್ಜ್ ವಾರೆನ್ ಎಂಬ ಫೋಟೊಗ್ರಾಫರ್ ಹಾರ್ವರ್ಡ್ ಮುಂತಾದ ಕಾಲೇಜುಗಳ ಕೊನೆಯ ವರ್ಷದವರ ಚಿತ್ರ ತೆಗೆಯುತ್ತಿದ್ದರು. ವಿದ್ಯಾರ್ಥಿಗಳು ಗೆಳೆಯರ ಚಿತ್ರಗಳನ್ನು ಕೊಂಡು ಆಲ್ಬಮ್ ಕಟ್ಟಿಸಿಕೊಳ್ಳುತ್ತಿದ್ದರು. ವಿದ್ಯಾರ್ಥಿಗಳ ಚಿತ್ರಗಳನ್ನು ಸೇರಿಸಿ ಶಾಲೆ ವರ್ಷಕ್ಕೊಮ್ಮೆ ಹೊರತರುವ ಇಂದಿನ ‘ಇಯರ್‌ಬುಕ್’ ಪುಸ್ತಕದ ಬೇರುಗಳಲ್ಲಿ ಅದೂ ಒಂದು.

ಮೊದಲು ಶಾಲೆಯ ಪತ್ರ ಓದಿ

ಬಟ್ಟೆ ಹುಡುಕುವುದಕ್ಕೂ ಮೊದಲು ಮಾಡಬೇಕಾದ ಕೆಲಸ ಇದು. ಸೀನಿಯರ್ ಫೋಟೊ ಎನ್ನುವುದು ನಿಜದಲ್ಲಿ ಎರಡು ಬೇರೆ ಬೇರೆ ಫೋಟೊಗಳು. ಒಂದು ಇಯರ್‌ಬುಕ್‌ಗೆ ಹೋಗುವಂಥದ್ದು, ಅದರ ನಿಯಮ ಶಾಲೆಯದು. ಇನ್ನೊಂದು ನೀವು ಖಾಸಗಿಯಾಗಿ ತೆಗೆಸುವಂಥದ್ದು, ಅದರ ನಿಯಮ ನಿಮ್ಮ ಮಗುವಿನದು. ಇವೆರಡನ್ನು ಕಲಸಿಕೊಂಡರೆ ಸುಮ್ಮನೆ ದುಡ್ಡೂ ಹೋಗುತ್ತದೆ, ಮನೆಯಲ್ಲಿ ಜಗಳವೂ ಆಗುತ್ತದೆ.

ಹಲವು ಶಾಲೆಗಳು ಒಂದು ಸ್ಟುಡಿಯೊ ಜೊತೆ ಒಪ್ಪಂದ ಮಾಡಿಕೊಂಡಿರುತ್ತವೆ. ಇಯರ್‌ಬುಕ್‌ನಲ್ಲಿ ಆ ಸ್ಟುಡಿಯೊ ತೆಗೆದ ಚಿತ್ರವನ್ನು ಮಾತ್ರ ಅಚ್ಚು ಹಾಕುವ ಶಾಲೆಗಳಿವೆ. ಯಾರು ತೆಗೆದಿದ್ದರೂ ಸರಿ, ಹಿನ್ನೆಲೆ, ತಲೆಯ ಅಳತೆ, ಫೈಲಿನ ಗಾತ್ರ ನಾವು ಹೇಳಿದಂತಿರಲಿ ಎನ್ನುವ ಶಾಲೆಗಳೂ ಇವೆ. ಸ್ಟುಡಿಯೊದಲ್ಲಿ ಹುಡುಗಿಯರಿಗೆ ಭುಜದ ಮೇಲೆ ಹೊದಿಸುವ ಕಪ್ಪು ‘ಡ್ರೇಪ್’, ಹುಡುಗರಿಗೆ ಕೋಟು-ಬೋ ಟೈ ಅವರೇ ಕೊಡುವುದು ರೂಢಿ. ಯಾರು ಏನು ಧರಿಸಬೇಕೆಂಬ ಆಯ್ಕೆಯನ್ನು ಮಕ್ಕಳಿಗೇ ಬಿಡುವ ಶಾಲೆಗಳೂ ಉಂಟು. ಪತ್ರದಲ್ಲಿ ಕೊನೆಯ ದಿನಾಂಕ ಹುಡುಕಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದು ತಪ್ಪಿದರೆ ಎಂಥ ಚೆಂದದ ಫೋಟೊ ಇದ್ದರೂ ಇಯರ್‌ಬುಕ್‌ಗೆ ಸೇರದೆ ಹೋಗಬಹುದು.

‘ಸಿಟಿಂಗ್ ಫೀ’ ಎಂಬ ಮಾತಿನ ಬಗ್ಗೆ ಎಚ್ಚರವಿರಲಿ. ಅದು ಕ್ಯಾಮೆರಾ ಮುಂದೆ ಕೂರುವುದಕ್ಕಷ್ಟೇ ಕೊಡುವ ಹಣ. ಪ್ರಿಂಟು, ಫೈಲು, ರೀಟಚ್ಚಿಂಗ್ (ತೆಗೆದ ಚಿತ್ರವನ್ನು ತಿದ್ದುವುದು) ಬಹಳ ಕಡೆ ಬೇರೆ ಲೆಕ್ಕ. ಇಯರ್‌ಬುಕ್‌ಗೆ ಮಾತ್ರ ಸಾಕಾದ, ಶುಲ್ಕವಿಲ್ಲದ ಸರಳ ಸಿಟಿಂಗ್ ಇದೆಯೇ ಎಂದು ಶಾಲೆಯಲ್ಲೇ ಕೇಳಿ. ಖಾಸಗಿ ಫೋಟೊ ತೆಗೆಸುವ ಯೋಚನೆಯಿದ್ದರೆ ಅಷ್ಟೇ ಸಾಕು.

ದಿನ, ಹೊತ್ತು

ಹೊರಾಂಗಣದ ಫೋಟೊಗೆ ಸೂರ್ಯ ಮುಳುಗುವ ಮುಂಚಿನ ಒಂದು ಗಂಟೆ ಬಲು ಒಳ್ಳೆಯದು. ಬೆಳಕು ಓರೆಯಾಗಿ, ಮೃದುವಾಗಿ ಮುಖಕ್ಕೆ ಬೀಳುತ್ತದೆ. ನಡುಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಕುಳಿಗಳಲ್ಲಿ ನೆರಳು ನಿಲ್ಲುತ್ತದೆ, ಹಣೆ ಹೊಳೆಯುತ್ತದೆ. ಜೂನ್ ಕೊನೆಯಲ್ಲಿ ಡಲ್ಲಾಸ್‌ನಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಎಂಟೂವರೆ ದಾಟಿರುತ್ತದೆ, ಸಿಯಾಟಲ್‌ನಲ್ಲಿ ಒಂಬತ್ತೇ ಆಗಿರುತ್ತದೆ. ಅದೇ ಸಿಯಾಟಲ್‌ನಲ್ಲಿ ಅಕ್ಟೋಬರ್ ಕೊನೆಗೆ ಆರು ಗಂಟೆಗೆಲ್ಲ ಕತ್ತಲು ಕವಿಯತೊಡಗುತ್ತದೆ. ಹಾಗಾಗಿ ತಿಂಗಳು ನೋಡಿ ಸಮಯ ಗೊತ್ತುಮಾಡಿ. ಫೀನಿಕ್ಸ್‌ನಂಥ ಊರಿನ ಬೇಸಿಗೆಯಲ್ಲಾದರೆ ಸಂಜೆಗಿಂತ ಸೂರ್ಯೋದಯದ ಹೊತ್ತೇ ವಾಸಿ, ಸಂಜೆಯೂ ಬೇಯಿಸುವ ಸೆಕೆ ಇರುತ್ತದೆ.

ಎಲೆಗಳು ಕೆಂಪಾಗುವ ಅಕ್ಟೋಬರ್ ನ್ಯೂಜೆರ್ಸಿ, ಬಾಸ್ಟನ್ ಕಡೆಯವರ ಆಸೆ. ಆದರೆ ಕಾಲೇಜುಗಳಿಗೆ ‘ಅರ್ಲಿ’, ಅಂದರೆ ಮಾಮೂಲಿಗಿಂತ ಮುಂಚಿತವಾಗಿ, ಅರ್ಜಿ ಹಾಕುವ ಕೊನೆಯ ದಿನ ಅನೇಕ ಕಡೆ ನವೆಂಬರ್ 1. ಪ್ರಬಂಧ ತಿದ್ದುತ್ತ ನಿದ್ದೆಗೆಟ್ಟ ಮಗುವನ್ನು ಅದೇ ವಾರ ಕ್ಯಾಮೆರಾ ಮುಂದೆ ನಿಲ್ಲಿಸಬೇಡಿ. ಜೂನ್-ಜುಲೈನಲ್ಲಿ ಊರಿಗೆ ಹೋಗುವವರು ಟಿಕೆಟ್ ತೆಗೆಯುವ ಮೊದಲೇ ಸ್ಟುಡಿಯೊ ಕೊಟ್ಟ ದಿನ ನೋಡಿಕೊಳ್ಳಿ.

ಫೋಟೊಗ್ರಾಫರ್ ಆಯ್ಕೆ

ಕನ್ನಡ ಕೂಟದ ಗೆಳೆಯರಲ್ಲಿ ವಿಚಾರಿಸಿದರೆ ಹೆಸರುಗಳು ಸಿಗುತ್ತವೆ. ಅವರು ಹಿಂದೆ ತೆಗೆದ ಚಿತ್ರಗಳನ್ನು ನೋಡುವಾಗ ಒಂದು ವಿಷಯ ಮುಖ್ಯ: ಕಂದು, ಕಪ್ಪು ಮೈಬಣ್ಣದವರ ಚಿತ್ರಗಳು ಅದರಲ್ಲಿ ಇವೆಯೇ, ಆ ಬಣ್ಣ ಇದ್ದಂತೆಯೇ ಬಂದಿದೆಯೇ? ಬೆಳಕನ್ನು ಬಿಳಿ ಚರ್ಮಕ್ಕೆ ಮಾತ್ರ ಅಳೆದು ರೂಢಿಯಾದವರ ಕೈಯಲ್ಲಿ ನಮ್ಮ ಮಕ್ಕಳ ಮುಖ ಒಂದೋ ಬೂದಿಯಾಗಿ, ಇಲ್ಲವೇ ಕಿತ್ತಳೆಯಾಗಿ ಬರುತ್ತದೆ. ಎಷ್ಟು ಜೊತೆ ಬಟ್ಟೆ, ಎಷ್ಟು ಹೊತ್ತು, ಎಷ್ಟು ಫೈಲು, ಮಳೆ ಬಂದರೆ ಏನು ಎಂಬುದನ್ನು ಬರವಣಿಗೆಯಲ್ಲೇ ಪಡೆಯಿರಿ. ಅಮೆರಿಕದ ಕಾನೂನಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ ಚಿತ್ರದ ಹಕ್ಕು ಫೋಟೊಗ್ರಾಫರನದೇ. ನೀವು ಎಲ್ಲಿ ಬೇಕಾದರೂ ಪ್ರಿಂಟ್ ಹಾಕಿಸಿಕೊಳ್ಳಲು ಅವರು ಬರೆದುಕೊಡುವ ಅನುಮತಿ, ಅಂದರೆ ‘ಪ್ರಿಂಟ್ ರಿಲೀಸ್’ ಬೇಕು. ಮಗುವಿಗೆ ಹದಿನೆಂಟು ತುಂಬಿರದಿದ್ದರೆ ಕಾಗದಕ್ಕೆ ಸಹಿ ಹಾಕಬೇಕಾದವರು ನೀವು.

ಬಟ್ಟೆ

ಮಗು ದಿನಾ ಇಷ್ಟಪಟ್ಟು ಹಾಕಿಕೊಳ್ಳುವ ಒಂದು ಜೊತೆ ಮೊದಲು ಆರಿಸಿ. ಅದು ಹಳೇ ಜೀನ್ಸ್, ಕ್ರಾಸ್ ಕಂಟ್ರಿ ತಂಡದ ಜಾಕೆಟ್ ಏನೇ ಆಗಿರಲಿ. ಮಕ್ಕಳು ತಾವಾಗಿಯೇ ಕಾಣುವುದು ಅಂಥ ಬಟ್ಟೆಯಲ್ಲಿ. ಆಮೇಲೆ ಒಂದು ಔಪಚಾರಿಕ ಉಡುಪು. ಒತ್ತೊತ್ತಾದ ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ, ಕ್ಯಾಮೆರಾದಲ್ಲಿ ಅವು ಅಲೆಯಲೆಯಾಗಿ ಮೂಡುತ್ತವೆ. ಕಣ್ಣು ಕುಕ್ಕುವ ನಿಯಾನ್ ಬಣ್ಣದ ಛಾಯೆ ಗದ್ದದ ಕೆಳಗೆ ಬೀಳುತ್ತದೆ. ಕಾಲೇಜಿನ ಹೆಸರಿರುವ ಟೀ ಶರ್ಟು ಈಗ ಬೇಡ. ಪ್ರವೇಶದ ಉತ್ತರ ಬರುವುದೇ ಡಿಸೆಂಬರ್‌ನಿಂದ ಮಾರ್ಚ್-ಏಪ್ರಿಲ್‌ವರೆಗೆ. ಅದನ್ನು ವಸಂತದಲ್ಲಿ ತೆಗೆಸುವ ಪದವಿ ಪ್ರದಾನದ ಟೋಪಿ-ನಿಲುವಂಗಿಯ (ಕ್ಯಾಪ್-ಗೌನ್) ಫೋಟೊಗೆ ಉಳಿಸಿ.

ಇನ್ನು ಸೀರೆ. ಕನ್ನಡದ ಅಮ್ಮಂದಿರ ಮನಸ್ಸಿನಲ್ಲಿ ಒಂದಾದರೂ ಸೀರೆಯ ಚಿತ್ರ ಇದ್ದೇ ಇರುತ್ತದೆ. ಮಗಳಿಗೂ ಇಷ್ಟವಿದ್ದರೆ ಖಂಡಿತ ತೆಗೆಸಿ. ಇಷ್ಟವಿಲ್ಲದಿದ್ದರೆ ಒತ್ತಾಯಿಸಬೇಡಿ, ಮುನಿಸು ಮುಖದಲ್ಲಿ ಅಡಗುವುದಿಲ್ಲ. ಮೈಸೂರು ರೇಷ್ಮೆ ತೆಳು, ಮೈಗೆ ಒಗ್ಗಿ ಇಳಿಯುತ್ತದೆ, ಎಳೆಯ ಹುಡುಗಿಗೆ ಹಗುರ. ಆದರೆ ಜಾರುವ ಗುಣವಿದೆ, ಭುಜದಲ್ಲೂ ನಿರಿಗೆಯಲ್ಲೂ ಪಿನ್ನು ಬೇಕೇ ಬೇಕು. ಇಳಕಲ್ ಸೀರೆಯ ಕೆಂಪು-ಬಿಳಿ ಸೆರಗಿನ ಚೆಂದ ಕಾಣಬೇಕೆಂದರೆ ಸೆರಗನ್ನು ಮಡಿಸಿ ಭುಜಕ್ಕೆ ಕೂರಿಸದೆ ಬಿಡಿಯಾಗಿ ಹಾಕಿ ತೋಳಿನ ಮೇಲೆ ಹರಡಿ. ಧಾರವಾಡದ ಕಸೂತಿ ದೂರದಿಂದ ಕಾಣಿಸುವುದಿಲ್ಲ, ಹತ್ತಿರದ ಒಂದು ಚಿತ್ರ ತೆಗೆಯಲು ಫೋಟೊಗ್ರಾಫರಿಗೆ ಮೊದಲೇ ಹೇಳಿಡಿ.

ತೊಂದರೆ ಕೊಡುವುದು ಸೀರೆಯಲ್ಲ, ರವಿಕೆ. ಊರಲ್ಲಿ ಹೊಲಿಸುವುದಾದರೆ ಒಳಗೆ ಎರಡೂ ಕಡೆ ಧಾರಾಳ ಬಟ್ಟೆ ಬಿಡಿಸಿ, ಮಕ್ಕಳು ಈ ವಯಸ್ಸಿನಲ್ಲಿ ಆರು ತಿಂಗಳಿಗೇ ಬದಲಾಗುತ್ತಾರೆ. ಅಮ್ಮನ ರವಿಕೆ ಹಾಕಿಕೊಳ್ಳುವುದಾದರೆ ಎರಡು ವಾರ ಮೊದಲೇ ಹಾಕಿ ನೋಡಿ. ಅದೇ ದಿನ ಫೋಟೊಗೆ ಹಾಕುವ ಚಪ್ಪಲಿ ಮೆಟ್ಟಿಸಿ, ಸೀರೆ ಉಡಿಸಿ, ಮನೆಯೊಳಗೆ ಅರ್ಧ ಗಂಟೆ ಓಡಾಡಿಸಿ. ಕೂರಲು, ಮೆಟ್ಟಿಲು ಹತ್ತಲು ಅಭ್ಯಾಸವಾದರೆ ಹೆದರಿಕೆ ಹೋಗುತ್ತದೆ. ಪಾರ್ಕಿನ ಶೌಚಾಲಯದಲ್ಲಿ ಸೀರೆ ಉಡಿಸಲು ಆಗುವುದಿಲ್ಲ. ಆದ್ದರಿಂದ ಮನೆಯಲ್ಲೇ ಉಟ್ಟು ಹೊರಡಿ, ಅದರ ಚಿತ್ರ ಮೊದಲು ಮುಗಿಯಲಿ, ಆಮೇಲೆ ಉಳಿದ ಬಟ್ಟೆಗಳು.

ಹುಡುಗರ ಪಂಚೆ-ಶಲ್ಯಕ್ಕೆ ಅಪ್ಪಟ ಬಿಳಿಗಿಂತ ಕೆನೆಬಣ್ಣ ಮೇಲು. ಬಿಸಿಲಿಗೆ ಅಚ್ಚ ಬಿಳಿಯ ಮಡಿಕೆಗಳೇ ಕಾಣದಂತಾಗುತ್ತವೆ.

ಭರತನಾಟ್ಯದ ಗೆಜ್ಜೆ, ವೀಣೆ, ಕ್ರಿಕೆಟ್ ಬ್ಯಾಟು ಏನಿದ್ದರೂ ತನ್ನಿ. ನಾಟ್ಯದ ಪೂರ್ತಿ ವೇಷಕ್ಕೆ ಮಾತ್ರ ಬೇರೆ ದಿನ ಇಟ್ಟುಕೊಳ್ಳಿ, ಅಲಂಕಾರಕ್ಕೇ ಗಂಟೆಗಟ್ಟಲೆ ಬೇಕು.

ಮುಖ, ಕೂದಲು, ಕನ್ನಡಕ

ಕೂದಲು ಕತ್ತರಿಸುವುದು ಒಂದೆರಡು ವಾರ ಮೊದಲೇ ಆಗಿರಲಿ. ಫೇಶಿಯಲ್, ಥ್ರೆಡ್ಡಿಂಗ್, ಹೊಸ ಕ್ರೀಮು ಯಾವುದನ್ನೂ ಹಿಂದಿನ ದಿನ ಪ್ರಯೋಗಿಸಬೇಡಿ. ಮೊಡವೆ ಎದ್ದರೆ ಚಿವುಟದಿರಲಿ. ಉಬ್ಬಿದ ಚುಕ್ಕೆಯನ್ನು ರೀಟಚ್ಚಿನಲ್ಲಿ ಅಳಿಸುವುದು ಸುಲಭ, ಕಿತ್ತ ಗಾಯವನ್ನು ಅಳಿಸುವುದು ಕಷ್ಟ. ಸತುವಿನ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ನಮ್ಮ ಬಣ್ಣದ ಮೇಲೆ ಬಿಳಿಚಿ ಕಾಣುತ್ತದೆ, ಫೋಟೊ ದಿನ ಬೇರೆಯದು ಹಚ್ಚಿ.

ಬಿಸಿಲಿಗೆ ತಾನಾಗಿ ಕಪ್ಪಾಗುವ ಕನ್ನಡಕ ಇದ್ದರೆ ಹೊರಗಿನ ಚಿತ್ರಗಳಲ್ಲಿ ಕಣ್ಣೇ ಕಾಣಿಸದು. ಗಾಜಿಲ್ಲದ ಅದೇ ಥರದ ಫ್ರೇಮ್ ಕೆಲವು ದಿನದ ಮಟ್ಟಿಗೆ ಸಿಗುವುದೇ ಎಂದು ಕನ್ನಡಕದಂಗಡಿಯಲ್ಲಿ ಕೇಳಿ. ಸದಾ ಕನ್ನಡಕ ಹಾಕುವ ಮಗುವಿನ ಎಲ್ಲ ಚಿತ್ರಗಳಲ್ಲೂ ಅದನ್ನು ತೆಗೆಸಿಬಿಡುವುದು ಸರಿಯಲ್ಲ.

ನಗುವಿನ ಮಾತು ಬಂದಾಗ ಒಂದು ಅಧ್ಯಯನ ನೆನಪಾಗುತ್ತದೆ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 1905ರಿಂದ 2013ರವರೆಗಿನ ಹೈಸ್ಕೂಲ್ ಇಯರ್‌ಬುಕ್‌ಗಳಿಂದ ಸುಮಾರು 38 ಸಾವಿರ ಮುಖಗಳನ್ನು ಒಟ್ಟುಗೂಡಿಸಿ ನೋಡಿದರು. ದಶಕದಿಂದ ದಶಕಕ್ಕೆ ನಗು ಅಗಲವಾಗುತ್ತ ಬಂದಿತ್ತು. ಅಂದರೆ ಹಲ್ಲು ಬಿಟ್ಟು ನಗಲೇಬೇಕೆಂಬುದು ಕಾಲದ ರೂಢಿಯಷ್ಟೇ. ನಿಮ್ಮ ಮಗ ತುಟಿ ಬಿಚ್ಚದೆ ನಗುವವನಾದರೆ ಅವನನ್ನು ಹಾಗೆಯೇ ಬಿಡಿ.

ಜಾಗ

ಪಾರ್ಕು, ಸಸ್ಯೋದ್ಯಾನಗಳಲ್ಲಿ ವೃತ್ತಿಪರ ಕ್ಯಾಮೆರಾಕ್ಕೆ ಅನುಮತಿ, ಶುಲ್ಕ ಇರಬಹುದು, ಮೊದಲೇ ಕೇಳಿ. ರೈಲು ಹಳಿಯ ಮೇಲೆ ನಿಂತು ತೆಗೆಸುವ ಚಿತ್ರಗಳ ಮೋಹ ಮಕ್ಕಳಲ್ಲಿದೆ. ಅದಕ್ಕೆ ಒಪ್ಪಲೇಬೇಡಿ. ಹಳಿ ರೈಲು ಕಂಪನಿಯ ಸ್ವತ್ತು, ಅಲ್ಲಿಗೆ ಕಾಲಿಡುವುದೇ ಅಪರಾಧ. ವೇಗದಲ್ಲಿರುವ ಗೂಡ್ಸ್ ರೈಲು ಬ್ರೇಕ್ ಹಾಕಿದ ಮೇಲೂ ಒಂದು ಮೈಲಿಗಿಂತ ಹೆಚ್ಚು ದೂರ ಓಡಿ ನಿಲ್ಲುತ್ತದೆ. ಹೀಗೆ ಚಿತ್ರ ತೆಗೆಸಲು ಹೋಗಿ ಪ್ರಾಣ ಕಳೆದುಕೊಂಡ ಮಕ್ಕಳಿದ್ದಾರೆ.

ಆ ದಿನ

ಬಟ್ಟೆ ಇಸ್ತ್ರಿ ಮಾಡಿ ಹ್ಯಾಂಗರಿನಲ್ಲೇ ಒಯ್ಯಿರಿ. ಚೀಲದಲ್ಲಿ ಪಿನ್ನು, ಸೂಜಿ-ದಾರ, ಬಾಚಣಿಗೆ, ಬಿಂದಿ, ಕರವಸ್ತ್ರ, ನೀರು, ಸೊಳ್ಳೆಗೆ ಹಚ್ಚುವ ಲೋಷನ್ ಇರಲಿ. ಹೊಟ್ಟೆ ತುಂಬಿಸಿಯೇ ಕರೆದೊಯ್ಯಿರಿ. ಅಲ್ಲಿ ತಲುಪಿದ ಮೇಲೆ ಅಪ್ಪ ಅಮ್ಮ ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲುವುದು ಒಳ್ಳೆಯದು. ‘ನೆಟ್ಟಗೆ ನಿಲ್ಲು, ಕೂದಲು ಸರಿಮಾಡ್ಕೊ’ ಎಂದು ಪಕ್ಕದಿಂದ ಹೇಳುತ್ತಿದ್ದರೆ ಮಗುವಿನ ಕಣ್ಣು ನಿಮ್ಮ ಕಡೆಗೇ ಹೊರಳುತ್ತಿರುತ್ತದೆ. ಗೆಳೆಯ ಅಥವಾ ಗೆಳತಿ ಒಬ್ಬರು ಜೊತೆಗಿದ್ದರೆ ಬೇಗ ಸಡಿಲವಾಗುತ್ತಾರೆ.

ಚಿತ್ರಗಳು ಬಂದ ಮೇಲೆ

ಇಯರ್‌ಬುಕ್‌ಗೆ ಯಾವುದು ಎಂಬುದನ್ನು ಮಗುವೇ ಆರಿಸಲಿ. ರೀಟಚ್ಚಿಂಗ್‌ಗೆ ಕೊಡುವಾಗ ‘ಮೊಡವೆ ತೆಗೆಯಿರಿ, ಮೈಬಣ್ಣ ಮುಟ್ಟಬೇಡಿ’ ಎಂದು ಸ್ಪಷ್ಟವಾಗಿ ಬರೆಯಿರಿ. ಹದಿನೇಳರ ಹುಡುಗಿಯ ಮುಖವನ್ನು ಬೆಳ್ಳಗೆ ಮಾಡಿಸಿದರೆ ನೀನಿರುವ ಹಾಗೆ ಸಾಲದು ಎಂದು ಅವಳಿಗೆ ಹೇಳಿದಂತೆ.

ಹೆಸರನ್ನೂ ಪರಿಶೀಲಿಸಿ. ನಮ್ಮ ಇನಿಷಿಯಲ್, ಊರಿನ ಹೆಸರು, ಅಪ್ಪನ ಹೆಸರು ಶಾಲೆಯ ದಾಖಲೆಯಲ್ಲಿ ಹಿಂದುಮುಂದಾಗಿರುವುದು ಸಾಮಾನ್ಯ. ಚಿತ್ರದ ಕೆಳಗೆ ಅಚ್ಚಾಗುವುದು ಅಲ್ಲಿರುವ ಹೆಸರೇ. ಆದ್ದರಿಂದ ಶಾಲೆಯ ಕಚೇರಿಗೆ ಬರೆದು ಪುಸ್ತಕ ಅಚ್ಚಿಗೆ ಹೋಗುವ ಮುನ್ನವೇ ತಿದ್ದಿಸಿ.

ಗೆಳೆಯರಿಗೆ ಹಂಚಲು ಜೇಬಿನ ಅಳತೆಯ ಸಣ್ಣ ಪ್ರಿಂಟುಗಳು ಸಾಕು. ದಾವಣಗೆರೆಯ ಅಜ್ಜಿಗೆ ದೊಡ್ಡದು ಬೇಕಲ್ಲವೇ? ಪ್ರಿಂಟ್ ರಿಲೀಸ್ ಕೈಯಲ್ಲಿದ್ದರೆ ಇಲ್ಲಿಂದ ಚೌಕಟ್ಟು ಪ್ಯಾಕ್ ಮಾಡಿ ಕಳಿಸುವ ಕಷ್ಟ ಬೇಡ. ಕುಗ್ಗಿಸದ ಮೂಲ ಫೈಲನ್ನು ಇಮೇಲ್ ಮಾಡಿ ಅಲ್ಲಿನ ಸ್ಟುಡಿಯೊದಲ್ಲೇ ಹಾಕಿಸಿ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲು ಚಿತ್ರವಾಗಿ ಕಳಿಸಿದರೆ ಅದು ಸಣ್ಣದಾಗಿ, ಪ್ರಿಂಟಿನಲ್ಲಿ ಮಸುಕಾಗುತ್ತದೆ. ಅದರಲ್ಲೇ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.