ಫರಸಿ ಕಲ್ಲಿನಿಂದ ಒಂದು ಸೀಳುಗೊಡಲಿ: ನನ್ನ ಅನುಭವ

ಯಾದಗಿರಿ ಜಿಲ್ಲೆಯ ಹುಣಸಗಿ–ಬೈಚಬಾಳ ಕಣಿವೆಯಲ್ಲಿ ಸಿಕ್ಕ ಹಳೆ ಶಿಲಾಯುಗದ ಉಪಕರಣಗಳ ಬಗ್ಗೆ ನಾನು ಹಲವು ವರ್ಷ ತರಗತಿಯಲ್ಲಿ ಪಾಠ ಮಾಡಿದ್ದೇನೆ. ಕೈಗೊಡಲಿಯ ತುದಿ ಬಾದಾಮಿಯ ಹಾಗೆ ಚೂಪು, ಸೀಳುಗೊಡಲಿಯ ತುದಿ ಬಡಗಿಯ ಉಳಿಯ ಹಾಗೆ ಅಡ್ಡ ಎಂದು ಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಒಂದು ದಿನ ಒಬ್ಬ ವಿದ್ಯಾರ್ಥಿನಿ, "ಸರ್, ಆ ಅಡ್ಡ ಅಂಚನ್ನು ಯಾವ ಕಡೆಯಿಂದ ಬಡಿದು ಮಾಡಿದರು?" ಎಂದು ಕೇಳಿದಳು. ನನಗೆ ಉತ್ತರ ತಿಳಿದಿರಲಿಲ್ಲ. ಕಲ್ಲನ್ನು ಕೈಯಲ್ಲಿ ಹಿಡಿಯದೆ ಅದು ತಿಳಿಯುವಂಥದ್ದಲ್ಲ ಎನ್ನಿಸಿ, ಆ ಬೇಸಿಗೆ ರಜೆಯಲ್ಲಿ ನಾನೇ ಮಾಡಿ ನೋಡಲು ನಿರ್ಧರಿಸಿದೆ.

ಈ ಕಣಿವೆಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಅವರ ಸಂಗಡಿಗರು 1990ರ ದಶಕದ ಕೊನೆಯಲ್ಲಿ ನಡೆಸಿದ ಉತ್ಖನನದಲ್ಲಿ, ಆದಿಮಾನವರು ನೆಲದಿಂದ ಎದ್ದು ನಿಂತ ಸುಣ್ಣಕಲ್ಲಿನ ಚಪ್ಪಡಿಗಳನ್ನು ಕುಳಿತಲ್ಲಿಯೇ ಒಡೆದು ಉಪಕರಣ ಮಾಡಿದ ತಾಣವೊಂದು ಬೆಳಕಿಗೆ ಬಂದಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಗಾಜುಪದರದ (ಎನಾಮಲ್) ಪರೀಕ್ಷೆಯಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷಗಳ ಹಿಂದಿನದೆಂದು ಅಂದಾಜಾಗಿದೆ. ಮಾಡಿದವರ ಎಲುಬು ಅಲ್ಲಿ ಸಿಕ್ಕಿಲ್ಲ. ಭಾರತದಲ್ಲಿ ಪ್ರಾಚೀನ ಮಾನವರ ತಲೆಬುರುಡೆಯ ಭಾಗವೊಂದು ಸಿಕ್ಕಿದ್ದು ನರ್ಮದೆಯ ದಡದ ಹಥನೋರಾದಲ್ಲಿ, 1982ರಲ್ಲಿ. ಹಾಗಾಗಿ ಇಸಾಂಪುರದವರನ್ನು ಅರಿಯಲು ನಮಗೆ ಉಳಿದಿರುವುದು ಅವರ ಕಲ್ಲು ಮಾತ್ರ.

ತಾಣದ ಒಂದು ಚೂರನ್ನೂ ಮುಟ್ಟಬಾರದೆಂಬುದು ನನ್ನ ಮೊದಲ ನಿಯಮವಾಗಿತ್ತು. ಅದಕ್ಕೆ ಬದಲಾಗಿ ಶಹಾಬಾದ್ ಕಡೆಯ ಗಣಿಯೊಂದರಲ್ಲಿ ಬೇಡವೆಂದು ಎಸೆದಿದ್ದ, 4 ಅಂಗುಲ ದಪ್ಪದ ಫರಸಿ (ನೆಲಕ್ಕೆ ಹಾಸುವ ಕಲ್ಲು) ತುಂಡುಗಳನ್ನು ತಂದೆ. ಅದೂ ಭೀಮಾ ಸೀಮೆಯ ನುಣುಪು ಕಣದ ಸುಣ್ಣಕಲ್ಲೇ. ಗಣಿಯಲ್ಲಿ ಕೆಲಸ ಮಾಡುವ ಹಿರಿಯರೊಬ್ಬರು ಒಂದೊಂದೇ ತುಂಡನ್ನು ಬಡಿದು ಆರಿಸಿಕೊಟ್ಟರು. "ಬದ್ ಅಂದ್ರ ಒಳಗ ಸೀಳ್ಯಾದ್ರಿ ಮಾಸ್ತರ್ರೆ, ಠಣ್ ಅಂದ್ರ ಗಟ್ಟಿ ಅದ," ಎಂದರು. ಬಡಿಯಲು ಹಳ್ಳದಲ್ಲಿ ಉರುಳಿ ದುಂಡಾದ ಕಪ್ಪು ಬಸಾಲ್ಟ್ ಗುಂಡುಗಳನ್ನು ಆರಿಸಿಕೊಂಡೆ. ಇಸಾಂಪುರದಲ್ಲಿ ದೊರೆತ ಬಡಿಗಲ್ಲುಗಳಲ್ಲಿಯೂ ಬಸಾಲ್ಟ್ ಇದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮುಖಗವಸು, ತೊಡೆಯ ಮೇಲೆ ದಪ್ಪ ಚರ್ಮ ಇವಿಲ್ಲದೆ ಯಾರೂ ಈ ಕೆಲಸಕ್ಕೆ ಕೂರಬಾರದು. ಹೊಸದಾಗಿ ಸಿಡಿದ ಚಕ್ಕೆಯ ಅಂಚು ಕ್ಷೌರದ ಅಲಗಿನಂತೆ ಇರುತ್ತದೆ, ಕಲ್ಲಿನ ಧೂಳು ಪುಪ್ಪುಸಕ್ಕೆ ಕೆಟ್ಟದ್ದು.

ಮೊದಲ ವಾರ ಪೂರ್ತಿ ಸೋಲು. ಚಪ್ಪಡಿಯ ಬದಿಗಳು ಗೋಡೆಯಂತೆ ನೇರವಾಗಿದ್ದುದರಿಂದ, ಎಷ್ಟು ಬಲವಾಗಿ ಬಡಿದರೂ ಅಂಚು ಪುಡಿಯಾಗುತ್ತಿತ್ತೇ ಹೊರತು ಚಕ್ಕೆ ಏಳುತ್ತಿರಲಿಲ್ಲ. ಬಡಿಯುವ ಮೇಲ್ಮೈಗೂ ಚಕ್ಕೆ ಏಳಬೇಕಾದ ಬದಿಗೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕೆಂದು ಓದಿ ತಿಳಿದಿದ್ದೆ. ಕೈಗೆ ಅದು ತಿಳಿಯಲು ಆರು ದಿನ ಬೇಕಾಯಿತು. ಒಳಕ್ಕೆ ವಾಲಿದ ಮೂಲೆಯನ್ನು ಹುಡುಕಿ, ಅಂಚಿನಿಂದ ಒಂದು ಬೆರಳಗಲ ಒಳಗೆ, ತೋಳನ್ನು ಸಡಿಲ ಬಿಟ್ಟು ಹೊಡೆದಾಗ, ಅಂಗೈಯಗಲದ ಚಕ್ಕೆ ಸದ್ದಿಲ್ಲದಂತೆ ಕಳಚಿ ಮಡಿಲಿಗೆ ಬಿತ್ತು. ಪೆಟ್ಟು ಬಿದ್ದಲ್ಲಿ ಸ್ವಲ್ಪ ಕೆಳಗೆ ಪುಟ್ಟ ಉಬ್ಬು, ಅಲ್ಲಿಂದ ಹೊರಟ ಅಲೆಯಂಥ ಗೆರೆಗಳು: ವರ್ಷಗಟ್ಟಲೆ ಚಿತ್ರದಲ್ಲಿ ತೋರಿಸಿದ್ದನ್ನು ಮೊದಲ ಬಾರಿಗೆ ಬೆರಳಿನಿಂದ ಸವರಿ ನೋಡಿದೆ.

ಆದರೆ ಸೀಳುಗೊಡಲಿ ಇನ್ನೂ ಆಗಿರಲಿಲ್ಲ. ದೊಡ್ಡ ಚಕ್ಕೆಯನ್ನು ತೆಗೆದುಕೊಂಡು ಅದರ ತುದಿಯನ್ನು ಬಡಿದು ಅಡ್ಡ ಅಂಚು ಮಾಡಲು ಹೋದಾಗಲೆಲ್ಲ ಅಂಚು ಗರಗಸದಂತಾಗುತ್ತಿತ್ತು, ಇಲ್ಲವೇ ಚಕ್ಕೆ ಅರ್ಧಕ್ಕೆ ಮುರಿದು ಮೆಟ್ಟಿಲು ಉಳಿಯುತ್ತಿತ್ತು. ಇಸಾಂಪುರದ ಸೀಳುಗೊಡಲಿಗಳ ಚಿತ್ರಗಳನ್ನು ಮತ್ತೆ ಬಿಡಿಸಿಟ್ಟು, ಒಂದೊಂದು ಪೆಟ್ಟಿನ ಗುರುತನ್ನೂ ಎಣಿಸುತ್ತಾ ಕುಳಿತೆ. ಬದಿಗಳಲ್ಲಿ ಪೆಟ್ಟಿನ ಗುರುತುಗಳಿದ್ದವು. ಕತ್ತರಿಸುವ ಅಂಚಿನಲ್ಲಿ ಒಂದೂ ಇರಲಿಲ್ಲ. ಆಗ ಹೊಳೆಯಿತು. ಆ ಅಂಚನ್ನು ಯಾರೂ ಬಡಿದು ಮಾಡಿರಲಿಲ್ಲ. ಚಕ್ಕೆ ಇನ್ನೂ ಚಪ್ಪಡಿಯ ಭಾಗವಾಗಿದ್ದಾಗಲೇ ಅಂಚಿನ ಅರ್ಧ ಸಿದ್ಧವಾಗಿರುತ್ತಿತ್ತು: ಚಪ್ಪಡಿಯಿಂದ ಮೊದಲು ಒಂದು ಚಕ್ಕೆ ತೆಗೆದು ಸಮನಾದ ಗುಳಿ ಮಾಡಿ, ಬಳಿಕ ಆ ಗುಳಿಯ ಅಡಿಯಿಂದ ಹಾಯ್ದು ಹೋಗುವಂತೆ ಎರಡನೆಯ ದೊಡ್ಡ ಚಕ್ಕೆಯನ್ನು ಎಬ್ಬಿಸಿದರೆ, ಎರಡೂ ಮೈಗಳು ಸೇರುವ ಕಡೆ ಅಡ್ಡ ಅಂಚು ತಾನಾಗಿಯೇ ಹುಟ್ಟುತ್ತದೆ. ಉಳಿದದ್ದು ಹಿಡಿಯುವ ಬದಿಗಳನ್ನು ಮೂರು ನಾಲ್ಕು ಪೆಟ್ಟಿನಲ್ಲಿ ಸರಿಪಡಿಸುವುದಷ್ಟೆ.

ಇದನ್ನು ಮಾಡಲು, ಮೊದಲ ಪೆಟ್ಟು ಹಾಕುವಾಗಲೇ ಎರಡನೆಯ ಪೆಟ್ಟಿನ ಫಲ ಮನಸ್ಸಿನಲ್ಲಿರಬೇಕು. ಮಾತು ಇತ್ತೋ ಇಲ್ಲವೋ ಎಂದು ನಾವು ಇಂದಿಗೂ ಚರ್ಚಿಸುವ ಜೀವಿಗಳು, ಕಣ್ಣಿಗೆ ಕಾಣದ ಉಪಕರಣವನ್ನು ಚಪ್ಪಡಿಯೊಳಗೆ ಕಂಡು ಅದಕ್ಕಾಗಿ ಮುಂಚೆಯೇ ಅಣಿ ಮಾಡುತ್ತಿದ್ದರು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ. ಅವರನ್ನು ಒರಟರು, ಅರೆಬುದ್ಧಿಯವರು ಎಂದು ತರಗತಿಯಲ್ಲಿ ಹೇಳುವುದನ್ನು ನಾನು ಅಂದೇ ಬಿಟ್ಟೆ.

ಮೂರನೆಯ ವಾರದ ಕೊನೆಗೆ, ಒಂದು ಕಿಲೋಗಿಂತ ಭಾರದ ಗುಂಡಿನ ಪೆಟ್ಟಿಗೆ ನನ್ನ ಮೊದಲ ಸರಿಯಾದ ಸೀಳುಗೊಡಲಿ ಹೊರಬಂದಿತು. ಅದರಿಂದ ಜಾಲಿಯ ಹಸಿ ಕೊಂಬೆಯ ತೊಗಟೆ ಸುಲಿದೆ. ಅಂಚು ಎಲ್ಲಿಯೂ ಮುಕ್ಕಾಗಲಿಲ್ಲ. ಶಾಲೆ ಆರಂಭವಾದ ದಿನ ಅದನ್ನು ಆ ವಿದ್ಯಾರ್ಥಿನಿಯ ಕೈಗಿತ್ತು, ಅಂಚಿನಲ್ಲಿ ಪೆಟ್ಟಿನ ಗುರುತು ಹುಡುಕಲು ಹೇಳಿದೆ. ಬಹಳ ಹೊತ್ತು ತಿರುಗಿಸಿ ನೋಡಿ, "ಇಲ್ಲ ಸರ್, ಇಲ್ಲಿ ಬಡಿದೇ ಇಲ್ಲ," ಎಂದಳು.

ತಾಡಪತ್ರಿಯ ಮೇಲೆ ಕೂಡಿಟ್ಟಿದ್ದ ಎಲ್ಲ ಚಕ್ಕೆಗಳನ್ನು, ಮುಂದೆ ಯಾರೂ ಅವನ್ನು ಹಳೆಯವೆಂದು ತಪ್ಪು ತಿಳಿಯದಿರಲೆಂದು, ಈ ವರ್ಷದ ಒಂದು ನಾಣ್ಯದ ಜೊತೆ ಹಿತ್ತಲಿನಲ್ಲಿ ಹೂತಿಟ್ಟಿದ್ದೇನೆ.