ಎಡಗಣ್ಣು ಸೋಮಾರಿಯಾಗಿದ್ದ ಕಾರು

1997ರಲ್ಲಿ ಮಿಶಿಗನ್‌ನಲ್ಲಿ ನಾನು ಕೊಂಡದ್ದು 1978ರ ಷೆವರ್ಲೆ ಕಾರ್ವೆಟ್. ಎರಡೇ ಸೀಟು, 5.7 ಲೀಟರಿನ ವಿ8 ಎಂಜಿನ್. ಅಷ್ಟು ದೊಡ್ಡ ಎಂಜಿನ್ನಿಗೆ ಬರೀ 185 ಅಶ್ವಶಕ್ತಿ. ಎಪ್ಪತ್ತರ ದಶಕದ ಹೊಗೆ ನಿಯಮಗಳು ಅದನ್ನು ಸಾಧುವಾಗಿಸಿದ್ದವು. ಮೈ ಫೈಬರ್‌ಗ್ಲಾಸ್, ತುಕ್ಕಿನ ಚಿಂತೆಯಿಲ್ಲ ಅಂದುಕೊಂಡಿದ್ದೆ. ಆದರೆ ಒಳಗಿನ ಚೌಕಟ್ಟು ಉಕ್ಕಿನದು. ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ತಿನ್ನುವುದು ಅದನ್ನೇ. ಹಾಗಾಗಿ ಚಳಿಗಾಲವೆಲ್ಲ ಕಾರು ಶೆಡ್ಡಿನಲ್ಲಿ. ಡಿಕ್ಕಿಗೆ ಬಾಗಿಲೇ ಇಲ್ಲ, ಅಕ್ಕಿ ಮೂಟೆಯನ್ನೂ ಸೀಟು ಬಗ್ಗಿಸಿ ಹಿಂದಕ್ಕೆ ತುರುಕಬೇಕು. ಅಮ್ಮ ಒಂದೇ ಸಲ ಕೂತದ್ದು. ಏಳಿಸಲು ಇಬ್ಬರು ಬೇಕಾದೆವು.

ಇದರ ಹೆಡ್‌ಲೈಟುಗಳು ಬಾನೆಟ್ಟಿನೊಳಗೆ ಅಡಗಿರುತ್ತವೆ. ಸ್ವಿಚ್ ಎಳೆದರೆ ಮೇಲೇಳುತ್ತವೆ. ಎತ್ತುವುದು ಕರೆಂಟಲ್ಲ, ಎಂಜಿನ್ ಉಸಿರೆಳೆದುಕೊಳ್ಳುವಾಗ ಹುಟ್ಟುವ ನಿರ್ವಾತ. ಅದು ಸಣ್ಣ ರಬ್ಬರ್ ಪೈಪುಗಳಲ್ಲಿ ಹಾದು ದೀಪದ ಹಿಂದಿನ ಡಬ್ಬಿಯೊಳಗಿನ ಪೊರೆಯನ್ನು ಎಳೆಯುತ್ತದೆ. ನನ್ನ ಕಾರಿನ ಬಲಗಣ್ಣು ಪಟ್ಟನೆ ತೆರೆದರೆ, ಎಡಗಣ್ಣು ನಿದ್ದೆಗಣ್ಣಲ್ಲಿ ಏಳೋ ಮಗುವಿನ ಹಾಗೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ನಗುತ್ತಿದ್ದರು. ಒಬ್ಬ ಮೆಕ್ಯಾನಿಕ್ ಡಬ್ಬಿ ಬದಲಿಸಿ ದುಡ್ಡು ತಗೊಂಡ, ಕಣ್ಣು ಹಾಗೇ ಉಳಿಯಿತು.

ಆ ಬೇಸಿಗೆ ಅಪ್ಪ ಬಂದಿದ್ದರು. ಹಾಸನದ ಕಡೆ ಬಸ್ ರಿಪೇರಿಯಲ್ಲೇ ತಲೆ ಹಣ್ಣಾದವರು. ಎಂಜಿನ್ ಓಡುತ್ತಿದ್ದಾಗಲೇ ಬಾನೆಟ್ ಎತ್ತಿಸಿದರು. ನಾನು ಪೈಪ್ ಬಿಚ್ಚಲು ಹೋದರೆ, "ಲೋ, ಮುಟ್ಟಬೇಡ ಕಣೋ, ಮೊದ್ಲು ಕೇಳು" ಅಂದರು. ತೋಟಕ್ಕೆ ನೀರು ಬಿಡುವ ಪೈಪಿನ ಮೊಳದುದ್ದ ತುಂಡು ಕತ್ತರಿಸಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ರಬ್ಬರಿನ ಗುಂಟ. ಫ್ಯಾನಿನಿಂದ ದೂರವಿರಿ ಅಂತ ನಾನು ಬಡಕೊಳ್ಳುತ್ತಿದ್ದೆ. ಎಡಗಡೆ ಒಂದು ತಿರುವಿನಲ್ಲಿ ನಿಂತರು. ನನ್ನ ಕಿವಿಗೂ ಇಟ್ಟರು: ಉಸ್ಸ್... ಪೈಪ್ ಬಗ್ಗಿದ ಕಡೆ, ಕೆಳಮೈಯಲ್ಲಿ, ಕೂದಲೆಳೆಯಷ್ಟು ಬಿರುಕು. ಬೆರಳಿಟ್ಟು ಮುಚ್ಚಿದ ತಕ್ಷಣ ಎರಡು ಕಣ್ಣೂ ಒಟ್ಟಿಗೆ ತೆರೆದವು.

ಒಂದು ಸೀಳಿದರೆ ಉಳಿದವೂ ಅದೇ ವಯಸ್ಸಿನವೇ. ಎಲ್ಲ ಪೈಪೂ ಬದಲಿಸಿದೆವು, ಒಂದೊಂದೇ ಬಿಚ್ಚಿ, ಅಲ್ಲೇ ಹೊಸದು ಹಾಕಿ. ಎಲ್ಲ ಒಟ್ಟಿಗೆ ಬಿಚ್ಚಿದ್ದರೆ ಯಾವುದು ಎಲ್ಲಿಗೆ ಅನ್ನೋದು ದೇವರಿಗೇ ಗೊತ್ತು. ಎಂಜಿನ್ನಿನ ನಡುಕವೂ ಕಡಿಮೆಯಾಯಿತು. ಬಿರುಕಿನಿಂದ ಬೇಡದ ಗಾಳಿ ಅಲ್ಲಿಗೂ ನುಗ್ಗುತ್ತಿತ್ತು.

ಮಗಳು ಹುಟ್ಟಿದ ಮೇಲೆ ಕಾರು ಮಾರಿದೆ. ಫೋನಿನಲ್ಲಿ ಹೇಳಿದಾಗ ಅಪ್ಪ ಎಷ್ಟಕ್ಕೆ ಅಂತ ಕೇಳಲಿಲ್ಲ. "ಎಡಗಡೆ ಆ ತಿರುವು ಅವನಿಗೆ ತೋರಿಸಿದ್ಯಾ?" ಅಂದರು.