ಜಂಪ್ ಪಕ್ಕ ನಿಲ್ಲುವವರನ್ನು ತಯಾರು ಮಾಡಿದ ಬಗೆ

ದಾವಣಗೆರೆಯಲ್ಲಿ ನಮ್ಮ ಸುತ್ತ ಇರುವುದು ಎರೆಭೂಮಿ. ಮಳೆ ಬಿದ್ದರೆ ಕುದುರೆಯ ಲಾಳ ಕಿತ್ತು ಬರುವಷ್ಟು ಅಂಟು, ಬೇಸಿಗೆಯಲ್ಲಿ ಗೊರಸು ಸಿಕ್ಕಿಕೊಳ್ಳುವಷ್ಟು ಬಿರುಕು. ಅದಕ್ಕೇ ಈವೆಂಟಿಂಗ್ ಎಂಬ ಕುದುರೆ ಸವಾರಿ ಸ್ಪರ್ಧೆಯ ನಮ್ಮ ಬಳಗದ ಕ್ರಾಸ್‌ಕಂಟ್ರಿ ದಾರಿಯನ್ನು, ಅಂದರೆ ಬಯಲಿನಲ್ಲಿ ಅಡ್ಡ ಇಟ್ಟ ದಿಮ್ಮಿಯಂಥ ಜಂಪ್‌ಗಳನ್ನು ಹಾರುತ್ತ ಓಡುವ ದಾರಿಯನ್ನು, ಚಿತ್ರದುರ್ಗದ ಕಡೆ, ಸ್ನೇಹಿತರೊಬ್ಬರ ಕೆಂಪು ಮರಡಿ ನೆಲದಲ್ಲಿ ಹಾಕಿದೆವು. ಅಲ್ಲಿ ನೀರು ನಿಲ್ಲುವುದಿಲ್ಲ. ಕಲ್ಲು ಆರಿಸುವುದು ಮಾತ್ರ ಮುಗಿಯದ ಕೆಲಸ.

ಈವೆಂಟಿಂಗ್ ಎಂದರೆ ಒಂದೇ ಕುದುರೆ, ಒಬ್ಬರೇ ಸವಾರರು, ಮೂರು ಪರೀಕ್ಷೆ: ಗೊತ್ತುಮಾಡಿದ ನಡಿಗೆಗಳನ್ನು ತೋರಿಸುವ ಡ್ರೆಸ್ಸಾಜ್, ಕ್ರಾಸ್‌ಕಂಟ್ರಿ, ಅಂಗಳದಲ್ಲಿ ಕಂಬಗಳನ್ನು ಹಾರುವ ಶೋಜಂಪಿಂಗ್. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೆಯವರಾದ ಮೇಲೆ ನಮ್ಮ ಹುಡುಗರ ಬಾಯಲ್ಲೂ ಈವೆಂಟಿಂಗ್ ಮಾತು ಬಂತು. ಸವಾರಿಗೆ ಆಸೆಪಡುವವರಿಗೆ ಬರವಿಲ್ಲ. ಆದರೆ ಕೂಟ ನಡೆಯುವುದು ಕುದುರೆ ಹತ್ತದವರಿಂದ. ಡ್ರೆಸ್ಸಾಜಿನ 20 ಮೀಟರ್ ಅಗಲ, 40 ಮೀಟರ್ ಉದ್ದದ ಅಂಗಳಕ್ಕೆ ತೀರ್ಪುಗಾರರೊಬ್ಬರು, ಬರೆದುಕೊಳ್ಳುವವರೊಬ್ಬರು ಸಾಕು. ಕ್ರಾಸ್‌ಕಂಟ್ರಿಯಲ್ಲಿ ಪ್ರತಿ ಜಂಪನ್ನೂ ಒಬ್ಬರು ಕಾಯಬೇಕು. ಆ ಜನ ಸಾಲದೆ ಹೋದರೆ ನಾನು ಜಂಪ್‌ಗಳನ್ನೇ ಕಡಿಮೆ ಮಾಡುತ್ತೇನೆ. ಕಾವಲಿಲ್ಲದ ಜಂಪ್ ಮೇಲೆ ಕುದುರೆ ಬಿಡುವುದಿಲ್ಲ.

ಕಾವಲಿಗೆ ಬಂದವರಲ್ಲಿ ಕಾಲೇಜು ಹುಡುಗಿಯರಿದ್ದರು, ಮೆಕ್ಕೆಜೋಳದ ರೈತರಿದ್ದರು, ನಿವೃತ್ತ ಮೇಷ್ಟ್ರಿದ್ದರು. ನಿಯಮದ ಹಾಳೆ ಹಂಚಿ ಓದಿಸುವ ಬದಲು ಅವರನ್ನೇ ಓಡಿಸಿದೆ. ಕೆಂಪು ಬಾವುಟ ಬಲಕ್ಕೆ, ಬಿಳಿ ಎಡಕ್ಕೆ, ನಡುವೆ ದಿಮ್ಮಿ. ಒಬ್ಬರು ಕುದುರೆಯಾಗಿ ಓಡಿಬಂದು ದಿಮ್ಮಿಯ ಮುಂದೆ ನಿಂತುಬಿಡಬೇಕು, ಇನ್ನೊಬ್ಬರು ಪಕ್ಕಕ್ಕೆ ತಪ್ಪಿಸಿಕೊಳ್ಳಬೇಕು. ಉಳಿದವರು ನೋಡಿ ಬರೆಯಬೇಕು. ಕುದುರೆ ಹೀಗೆ ಹಾರದೆ ಹೋದರೆ ಅದು ನಿರಾಕರಣೆ: ಮೊದಲನೆಯದಕ್ಕೆ 20 ದಂಡಾಂಕ, ಅದೇ ಜಂಪಿನಲ್ಲಿ ಎರಡನೆಯದಕ್ಕೆ 40, ಸವಾರ ಬಿದ್ದರೆ ಅಲ್ಲಿಗೆ ಮುಗಿಯಿತು. ಜಗಳ ಹುಟ್ಟುವುದು ಸುತ್ತು ಹಾಕಿದಾಗ. ಬೇರೆ ಬೇರೆ ಸಂಖ್ಯೆಯ ಜಂಪ್‌ಗಳ ನಡುವೆ ಸುತ್ತಿದರೆ ಹೊತ್ತು ಮಾತ್ರ ಹೋಗುತ್ತದೆ. ಒಂದೇ ಸಂಖ್ಯೆಯಡಿ ಎ, ಬಿ ಎಂದು ಜೋಡಿಸಿದವುಗಳ ನಡುವೆ ಸುತ್ತಿದರೆ 20 ಬೀಳುತ್ತದೆ. ಅದಕ್ಕೇ ಜೋಡಿ ಜಂಪ್‌ನಲ್ಲಿ ಕುದುರೆ ಓಡಿದ ದಾರಿಯನ್ನು ಚೀಟಿಯ ಮೇಲೆ ಗೆರೆ ಎಳೆದು ತೋರಿಸಿ ಅಂದೆ. ಮೇಷ್ಟ್ರ ಚಿತ್ರ ನೋಡಿದರೆ ಯಾವ ಸವಾರನಿಗೂ ಎದುರಾಡಲು ಬಾಯಿ ಬರುವುದಿಲ್ಲ.

ಇಷ್ಟೂ ಲೆಕ್ಕದ ಮಾತು. ಲೆಕ್ಕಕ್ಕಿಂತ ದೊಡ್ಡದು, ಮುಂದೆ ಯಾರಾದರೂ ಬಿದ್ದಿದ್ದರೆ ಹಿಂದಿನಿಂದ ಬರುವ ಕುದುರೆಯನ್ನು ಬಾವುಟ ಬೀಸಿ ನಿಲ್ಲಿಸುವುದು. ಸವಾರ ಎಷ್ಟೇ ಕೂಗಾಡಲಿ, ಕಾವಲಿನವರ ಮಾತೇ ಕೊನೆಯ ಮಾತು. ನಿಂತ ಹೊತ್ತನ್ನು ಆಮೇಲೆ ಸವಾರನ ಓಟದ ಹೊತ್ತಿನಿಂದ ಕಳೆದು ಕೊಡುತ್ತೇವೆ. ನಮ್ಮ ರೈತರು ಬೆದರಿದ ಎತ್ತುಗಳನ್ನು ತಡೆದು ಗೊತ್ತಿದ್ದವರು. ಓಡಿಬರುವ ಕುದುರೆಯ ಎದುರು ಅವರಿಗಿರುವ ನಿಧಾನ ನನಗೆ ಬಹಳ ಇಷ್ಟ.

ಓಟ ಮುಗಿಸಿ ಬಂದ ಕುದುರೆಗೆ ತಣ್ಣೀರು ಸುರಿದರೆ ಸ್ನಾಯು ಹಿಡಿಯುತ್ತದೆ ಎಂಬ ನಂಬಿಕೆ ಇಲ್ಲೂ ಇತ್ತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮೊದಲು ನಡೆದ ಸಂಶೋಧನೆಗಳು ಅದನ್ನು ಸುಳ್ಳೆಂದು ತೋರಿಸಿದವು. ಈಗ ನಾವು ಡ್ರಮ್ಮಿನಿಂದ ಮೊಗೆಮೊಗೆದು ಮೈಪೂರ್ತಿ ಸುರಿಯುತ್ತೇವೆ, ನಡೆದಾಡಿಸುತ್ತೇವೆ, ಮತ್ತೆ ಸುರಿಯುತ್ತೇವೆ. ಎಂಡ್ಯೂರೆನ್ಸ್ ಎಂಬ ದೂರದ ಕುದುರೆ ಓಟದವರ ಅಳತೆಯನ್ನೇ ತಂದುಕೊಂಡಿದ್ದೇವೆ: ಎದೆಬಡಿತ ನಿಮಿಷಕ್ಕೆ 64ಕ್ಕೆ ಇಳಿಯುವ ತನಕ ಕುದುರೆ ಪಶುವೈದ್ಯರ ಕಣ್ಣಳತೆಯಲ್ಲೇ ಇರಬೇಕು. ಸುಮ್ಮನಿದ್ದಾಗ ಅದು 28ರಿಂದ 44ರ ಆಸುಪಾಸು. ಕಾಲೇಜು ಹುಡುಗಿಯರು ಸ್ಟೆತಸ್ಕೋಪನ್ನು ಎಡ ಮೊಣಕೈ ಹಿಂದೆ ಇಟ್ಟು ಎಣಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ.

ಮುಂಗಾರು ಮುಗಿದಿದೆ, ಹುಲ್ಲು ಸವರಿದ್ದೇವೆ. ಹೊಸಬರ ದಾರಿಯಲ್ಲಿ 60 ಸೆಂಟಿಮೀಟರಿನ ದಿಮ್ಮಿಗಳನ್ನು ಮತ್ತೆ ಗೂಟ ಹೊಡೆದು ಬಿಗಿ ಮಾಡಿದ್ದೇವೆ. ಕೂಟ ಚಳಿಗಾಲದಲ್ಲಿ, ಬೆಳಗಿನ ಹೊತ್ತು. ಬಿಸಿಲೇರುವ ಮೊದಲು ಕ್ರಾಸ್‌ಕಂಟ್ರಿ ಮುಗಿಯಬೇಕು. ಸವಾರರ ಪಟ್ಟಿ ತುಂಬಿದೆ. ಕೊನೆಯ ಜೋಡಿ ಜಂಪ್‌ಗೆ ಇನ್ನೂ ಕಾವಲಿನವರು ಸಿಕ್ಕಿಲ್ಲ. ಟೋಪಿ, ನೀರು, ಪೆನ್ಸಿಲ್ ತಂದರೆ ಸಾಕು, ಸೀಟಿ ಮತ್ತು ಬಾವುಟ ನಾವು ಕೊಡುತ್ತೇವೆ.